ಮೊಸಾಸಾರಸ್ ದವಡೆ ಅಸಲಿಯೋ, ನಕಲಿಯೋ?

ಪ್ರಶ್ನೆ: ಮೊಸಾಸಾರಸ್ ಕಡಲಿನಲ್ಲಿದ್ದ ಡೈನೋಸಾರೇ?

ಉತ್ತರ: ಅಲ್ಲ. ಅದು ಹಲ್ಲಿ, ಉಡ, ಹಾವುಗಳ ಬಳಗದ ಕಡಲ ಸರೀಸೃಪ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ಬಳಿಯ ಸುಣ್ಣಕಲ್ಲಿನ ಗಣಿಯಲ್ಲಿ 18ನೇ ಶತಮಾನದಲ್ಲಿ ಸಿಕ್ಕ ತಲೆಬುರುಡೆಯನ್ನು ಮೊಸಳೆಯದು, ತಿಮಿಂಗಿಲದ್ದು ಎಂದೆಲ್ಲ ಊಹಿಸಿದ್ದರು. ಅಲ್ಲಿ ಹರಿಯುವ ಮ್ಯೂಸ್ ನದಿಗೆ ಲ್ಯಾಟಿನ್‌ನಲ್ಲಿ ಮೋಸಾ ಎಂದು ಹೆಸರು. 1822ರಲ್ಲಿ ಇಂಗ್ಲಿಷ್ ಭೂವಿಜ್ಞಾನಿ ವಿಲಿಯಂ ಕಾನಿಬೇರ್ ಅದರಿಂದಲೇ ಪ್ರಾಣಿಗೆ ಮೊಸಾಸಾರಸ್ ಎಂದು ಹೆಸರಿಟ್ಟರು.

ಪ್ರಶ್ನೆ: ಮೂರು ಹಲ್ಲುಗಳಿರುವ ಮೊಸಾಸಾರಸ್ ದವಡೆಯ ತುಂಡು ನನ್ನ ಬಳಿ ಇದೆ. ಮೊರಾಕೊದ್ದು ಎಂದು ಹೇಳಿ ಮಾರಿದ್ದಾರೆ. ಅಸಲಿಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಮೊರಾಕೊದ ಖೂರಿಬ್ಗಾ ಸುತ್ತಲಿನ ಫಾಸ್ಫೇಟ್ ಗಣಿಗಳಲ್ಲಿ ಮೊಸಾಸಾರಸ್ ಬಳಗದ ಬಿಡಿ ಹಲ್ಲುಗಳು ಹೇರಳ. ಆದ್ದರಿಂದ ಹಲ್ಲಿಗಿಂತ ದವಡೆಯ ಮೇಲೆಯೇ ಹೆಚ್ಚು ಅನುಮಾನವಿರಲಿ. ಮರಳು, ಅಂಟು ಕಲಸಿದ ಮುದ್ದೆಯಲ್ಲಿ ಅಸಲಿ ಹಲ್ಲುಗಳನ್ನೇ ಊರಿ ದವಡೆ ಮಾಡಿರುತ್ತಾರೆ.

ಮೊದಲು ಹಲ್ಲಿನ ಬುಡ ನೋಡಿ. ಮೊಸಾಸಾರಸ್ ಹಲ್ಲಿಗೆ ದಪ್ಪನೆಯ ಬೇರಿದ್ದು, ಅದು ದವಡೆಯ ಮೂಳೆಗೆ ಬೆಸೆದುಕೊಂಡಿರುತ್ತದೆ. ಹೊಸ ಹಲ್ಲು ಹುಟ್ಟುವಾಗ ಹಳೆಯದರ ಬೇರನ್ನು ನಾಲಿಗೆಯ ಕಡೆಯಿಂದ ಕರಗಿಸುತ್ತ ಬರುವುದರಿಂದ ಅಲ್ಲಿ ಗುಳಿ ಬೀಳುತ್ತದೆ. ಇಂಥ ಗುಳಿ ಕಂಡರೆ ಬೇರಂತೂ ಅಸಲಿ ಎನ್ನಲು ಒಳ್ಳೆಯ ಸುಳಿವು. ಬೇರೇ ಇಲ್ಲದೆ ಹೊಳಪಿನ ತುದಿ ಮಾತ್ರ ಮರಳಿನಿಂದ ಎದ್ದಿದ್ದರೆ ಅದು ಜೋಡಿಸಿದ್ದು. ಮೂರೂ ಹಲ್ಲು ಹಿಂದಕ್ಕೆ ಬಾಗಿರಬೇಕು, ಆಕಾರವೂ ಹೊಂದಬೇಕು. ಒಂದು ಚೂಪು, ಪಕ್ಕದ್ದು ಅಣಬೆಯಂತೆ ಉರುಟಾಗಿದ್ದರೆ ಎರಡು ಬೇರೆ ಪ್ರಾಣಿಗಳ ಹಲ್ಲು ಸೇರಿವೆ ಎಂದೇ ತಿಳಿಯಿರಿ.

ಆಮೇಲೆ 10 ಪಟ್ಟು ಹಿಗ್ಗಿಸುವ ಲೆನ್ಸ್ ಹಿಡಿಯಿರಿ. ಹಲ್ಲಿನ ಹೊಳಪಿನ ಹೊರಪದರವಾದ ಎನಾಮೆಲ್ ಅಸಲಿಯಾಗಿದ್ದರೆ ಅದರಲ್ಲಿ ಸಾಮಾನ್ಯವಾಗಿ ಕೂದಲೆಳೆಯ ಬಿರುಕುಗಳಿರುತ್ತವೆ. ಗುಂಡನೆಯ ಗಾಳಿಗುಳ್ಳೆಗಳೋ ಅಚ್ಚು ಕೂಡಿದ ಗೆರೆಯೋ ಕಂಡರೆ ಅದು ಅಚ್ಚಿಗೆ ಹೊಯ್ದ ರೆಸಿನ್, ಅಂದರೆ ಪ್ಲಾಸ್ಟಿಕ್‌ನಂಥ ವಸ್ತು.

ಕೊನೆಗೆ ಮರಳಿನ ಪರೀಕ್ಷೆ. ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಅಸಿಟೋನಿನಲ್ಲಿ ಅದ್ದಿ, ಹಲ್ಲಿಗೆ ತಾಗದಂತೆ, ತುಂಡಿನ ಹಿಂಬದಿಯ ಮೂಲೆಯಲ್ಲಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಜಾಗ ಅಂಟಂಟಾಗಿ ಮರಳು ಹತ್ತಿಗೆ ಮೆತ್ತಿಕೊಂಡರೆ ಅಲ್ಲಿ ಅಂಟು ಇದೆ. ಗಟ್ಟಿಯಾದ ಎಪಾಕ್ಸಿ ಎಂಬ ಅಂಟು ಮಾತ್ರ ಹೀಗೆ ಕರಗದು. ಅದಕ್ಕೆ ಕತ್ತಲೆಯಲ್ಲಿ ಅತಿನೇರಳೆ ಟಾರ್ಚ್ ಬಿಟ್ಟು ನೋಡಿ, ಹಲವು ಅಂಟುಗಳು ನೀಲಿಬಿಳಿಯಾಗಿ ಹೊಳೆಯುತ್ತವೆ. ಹೊಳಪು ಬಿರುಕಿನ ಗೆರೆಯಲ್ಲಷ್ಟೇ ಇದ್ದರೆ ಗಾಬರಿ ಬೇಡ. ಮುರಿದ ಅಸಲಿ ಹಲ್ಲನ್ನೂ ಅಂಟಿಸಿಯೇ ಉಳಿಸುವುದು.