ವೈರಸ್ಸೇ ಕೂರಿಸುವ ರಿಸೆಪ್ಟರ್

ಪ್ರಶ್ನೆ: ಹರ್ಪಿಸ್ ಗುಂಪಿನ ವೈರಸ್‌ಗಳು ನಮ್ಮ ಜೀವಕೋಶದ ಮೇಲೆ ತಮ್ಮದೇ ರಿಸೆಪ್ಟರ್ (ಹೊರಗಿನ ಸಂದೇಶ ಹಿಡಿಯುವ ಪ್ರೋಟೀನ್) ಕೂರಿಸುತ್ತವಂತೆ. ಅವಕ್ಕೇನು ಲಾಭ? ಕ್ಯಾನ್ಸರ್‌ಗೂ ಇದಕ್ಕೂ ನಂಟಿದೆಯೇ?

ಉತ್ತರ: 'ತಮ್ಮದೇ' ಅನ್ನುವುದಕ್ಕಿಂತ ಕದ್ದ ಮಾಲು ಅನ್ನಬಹುದು. ಬಿಳಿರಕ್ತಕಣಗಳನ್ನು ಕರೆಯುವ ಕೀಮೋಕೈನ್ ಪ್ರೋಟೀನ್‌ಗಳಿಗೆ ನಮ್ಮಲ್ಲಿರುವ ರಿಸೆಪ್ಟರ್‌ಗಳ ಜೀನನ್ನೇ ವಿಕಾಸದ ಹಾದಿಯಲ್ಲಿ ಎಗರಿಸಿ ತಿದ್ದಿಕೊಂಡಿವೆ. ಈ ಗುಂಪಿನ ಸೈಟೊಮೆಗಾಲೊವೈರಸ್‌ನಲ್ಲಿ ಇಂಥವು ನಾಲ್ಕು. ಅವುಗಳಲ್ಲೊಂದಾದ ಯುಎಸ್28, ಸುತ್ತಲಿನ ಸಿಸಿಎಲ್5 ಮುಂತಾದ ಕೀಮೋಕೈನ್‌ಗಳನ್ನು ಹಿಡಿದು ಕೋಶದೊಳಕ್ಕೆ ಎಳೆದುಕೊಳ್ಳುತ್ತದೆ, ಬಿಳಿರಕ್ತಕಣಗಳಿಗೆ ಹೋಗುವ ಕರೆಯೇ ಕ್ಷೀಣಿಸುತ್ತದೆ. ಇದೇ ಗುಂಪಿನ ಎಪ್‌ಸ್ಟೀನ್-ಬಾರ್ ವೈರಸ್‌ನ ರಿಸೆಪ್ಟರ್ ಬಿಐಎಲ್‌ಎಫ್1 ಬೇರೆ ಜಾಡಿನದು: ಕೋಶದ ಹೊರಮೈಯ ಎಂಎಚ್‌ಸಿ-1 ಅಣುಗಳನ್ನು ಒಳಗೆಳೆದು, ಕೋಶದ ಕಸ ಅರಗಿಸುವ ಚೀಲವಾದ ಲೈಸೊಸೋಮ್‌ಗೆ ತಳ್ಳುತ್ತದೆ. ಆ ಅಣು ವೈರಸ್ಸಿನ ತುಣುಕನ್ನು ಎತ್ತಿ ತೋರಿಸದಿದ್ದರೆ ಸೋಂಕಿತ ಕೋಶಗಳನ್ನು ಕೊಲ್ಲುವ ಬಿಳಿರಕ್ತಕಣವಾದ ಟಿ-ಕೋಶಕ್ಕೆ ಗುರುತು ಸಿಗದು.

ಕ್ಯಾನ್ಸರ್ ನಂಟು ಹೆಚ್ಚು ಸ್ಪಷ್ಟವಾಗಿರುವುದು ರಕ್ತನಾಳದ ಒಳಪದರದ ಕೋಶಗಳಿಂದ ಹುಟ್ಟುವ ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರಿನಲ್ಲಿ. ಅದಕ್ಕೆ ಕಾರಣವಾದ, 1994ರಲ್ಲಿ ಪತ್ತೆಯಾದ ಹರ್ಪಿಸ್ ವೈರಸ್ ಎಚ್‌ಎಚ್‌ವಿ-8ರ ರಿಸೆಪ್ಟರ್ ಓಆರ್‌ಎಫ್74, ಅಂಟಿಕೊಂಡ ಕಾಲಿಂಗ್ ಬೆಲ್ ಸ್ವಿಚ್ಚಿನಂತೆ, ಯಾರೂ ಒತ್ತದಿದ್ದರೂ ಸದಾ ಚಾಲೂ. ಅದರಿಂದ ರಕ್ತನಾಳ ಬೆಳೆಸುವ ಪ್ರೋಟೀನ್ ವಿಇಜಿಎಫ್ ಸ್ರವಿಸಿ ಹೊಸ ರಕ್ತನಾಳಗಳು ಚಿಗುರುತ್ತವೆ. ಒಂದು ತೊಡಕಿದೆ: ಗಡ್ಡೆಯಲ್ಲಿ ಈ ಜೀನ್ ಎಚ್ಚರವಾಗಿರುವುದು ಕೆಲವೇ ಕೋಶಗಳಲ್ಲಿ. ಅವು ಸ್ರವಿಸಿದ್ದು ನೆರೆಯ ಕೋಶಗಳನ್ನು ಕೆರಳಿಸುತ್ತದೆ ಎಂಬ ವಿವರಣೆಯೇ ಸದ್ಯಕ್ಕೆ ಒಪ್ಪುವಂಥದ್ದು.

ಔಷಧಿಯ ಮಾತಿಗೆ ಬಂದರೆ, ಹರ್ಪಿಸ್ ಗುಂಪಿನ ವೈರಸ್‌ಗಳಿಗೆ ಕೊಡುವ ಗ್ಯಾನ್ಸಿಕ್ಲೋವಿರ್ ವೃದ್ಧಿಯಾಗುತ್ತಿರುವ ವೈರಸ್ಸನ್ನು ತಡೆಯುತ್ತದೆ, ಸುಪ್ತವಾಗಿರುವುದಕ್ಕೆ ತಾಗದು. ಗಡ್ಡೆಯ ಬಹುಪಾಲು ಕೋಶಗಳಲ್ಲಿ ವೈರಸ್ ಸುಪ್ತವಾಗಿಯೇ ಇರುವುದರಿಂದ ಬೆಳೆದ ಗಡ್ಡೆಗೆ ಅದನ್ನು ನೆಚ್ಚುವಂತಿಲ್ಲ. ಓಆರ್‌ಎಫ್74 ಕೋಶದ ಬೆಳವಣಿಗೆಗೆ ಸಂದೇಶ ಸಾಗಿಸುವ ಎಂಟಿಓಆರ್ ಹಾದಿಯನ್ನೂ ಕೆರಳಿಸುತ್ತದೆ. ಕಿಡ್ನಿ ಕಸಿಯಾದವರಲ್ಲಿ ಈ ಗಡ್ಡೆ ಕಂಡರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೊರಿನ್ ಬಿಡಿಸಿ, ಆ ಹಾದಿಯನ್ನೇ ತಡೆಯುವ ಸಿರೊಲಿಮಸ್ ಕೊಡುವುದುಂಟು. ಎಚ್‌ಐವಿ ಇದ್ದವರಿಗೆ ಎಚ್‌ಐವಿಯನ್ನು ಹತ್ತಿಕ್ಕುವ ಔಷಧಿಗಳ ಚಿಕಿತ್ಸೆಯಾದ ಎಆರ್‌ಟಿಯೇ ಮೊದಲು. ಮಿದುಳಿನ ಕ್ಯಾನ್ಸರ್ ಗ್ಲಿಯೋಬ್ಲಾಸ್ಟೋಮಾಕ್ಕೆ ಯುಎಸ್28 ಕಾರಣವೆಂಬ ವಾದ ಮಾತ್ರ ಇನ್ನೂ ಬಗೆಹರಿದಿಲ್ಲ.