ಬಾಲ್ಕನಿಯ ಅಡಿಭಾಗಕ್ಕೂ ಕಂಬಿ ಬೇಕಾ?

ಪ್ರಶ್ನೆ: ಮಂಗಳೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. 10 ಅಡಿ ಉದ್ದದ ಬಾಲ್ಕನಿ ಗೋಡೆಯಿಂದ 6 ಅಡಿ ಹೊರಗೆ ಚಾಚಿದೆ, ಕೆಳಗೆ ಕಂಬವಿಲ್ಲ. ಭೂಕಂಪ ಮೇಲೆ-ಕೆಳಗೂ ಕುಲುಕುತ್ತದೆ ಎಂದು ಎಂಜಿನಿಯರ್ ಸ್ಲ್ಯಾಬಿನ ಅಡಿಗೂ ಕಂಬಿ ಬರೆದಿದ್ದಾರೆ. ಮೇಸ್ತ್ರಿ ಇದು ಸುಮ್ನೆ ಖರ್ಚು ಎನ್ನುತ್ತಾರೆ. ಯಾರ ಮಾತು ಕೇಳೋಣ?

ಉತ್ತರ: ಎಂಜಿನಿಯರ್ ಮಾತು ಕೇಳಿ. ಆದರೆ ಭೂಕಂಪದ ಲೆಕ್ಕ ನೀವು ಅಂದುಕೊಂಡಷ್ಟು ದೊಡ್ಡದಲ್ಲ.

ಮೇಲೆ-ಕೆಳಗಿನ ಕುಲುಕಾಟ ನಿಜವೇ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2011ರಲ್ಲಿ ಒಂದು ಕಡೆ ಅದು ಗುರುತ್ವದ 2.2 ಪಟ್ಟು ದಾಖಲಾಗಿತ್ತು. ಕಂಬ, ಗೋಡೆಗಳು ಭಾರ ಹೊರಲೆಂದೇ ಇರುವುದರಿಂದ ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ. ಬಾಲ್ಕನಿಗೆ ಹಿಡಿತ ಒಂದೇ ಕಡೆ. ಅದು ಬಿಟ್ಟರೆ ಬೇರೆ ಆಸರೆ ಇಲ್ಲ.

ಅದಕ್ಕೇ ಭೂಕಂಪ ತಡೆಯುವ ಕಟ್ಟಡಗಳಿಗಾಗಿ ಇರುವ ಭಾರತೀಯ ಮಾನದಂಡ ಐಎಸ್ 1893ರ 2016ರ ಆವೃತ್ತಿ ಹೊರಚಾಚಿದ ಭಾಗಕ್ಕೆ ಲಂಬ (ಮೇಲೆ-ಕೆಳಗಿನ) ಬಲವನ್ನು 5 ಪಟ್ಟು ಹಿಡಿಯಿರಿ ಎನ್ನುತ್ತದೆ. ಮಂಗಳೂರು ಅದರಲ್ಲಿ ಭೂಕಂಪ ವಲಯ 3, ಆ ವಲಯಕ್ಕೆ ಕೊಟ್ಟ ಅಂಶ 0.16. ಮಾನದಂಡ ಹೇಳುವಂತೆ ಅದರ ಅರ್ಧವನ್ನು 2.5ರಿಂದ ಗುಣಿಸಿ, ಮೂರರಲ್ಲಿ ಎರಡು ಪಾಲು ತೆಗೆದುಕೊಂಡರೆ 0.133, ಅಂದರೆ ತೂಕದ ಸುಮಾರು ಶೇ 13. ಕಟ್ಟಡ ಮುರಿಯದೆ ಬಾಗುತ್ತದೆಂಬ ನಂಬಿಕೆಯಲ್ಲಿ ಇದನ್ನು 5ರಿಂದ ಭಾಗಿಸುತ್ತಾರೆ. ಬಾಲ್ಕನಿಗೆ ಮತ್ತೆ 5ರಿಂದ ಗುಣಿಸಬೇಕು. ಅಲ್ಲಿಗೆ ಆ ರಿಯಾಯಿತಿ ವಾಪಸ್ ಹೋಯಿತು, ಅಲ್ವಾ?

ನಿಮ್ಮ ಬಾಲ್ಕನಿ ಸುಮಾರು 2 ಟನ್ ತೂಗುತ್ತದೆ ಅಂದುಕೊಳ್ಳಿ. ಮೇಲಕ್ಕೋ ಕೆಳಕ್ಕೋ ಸುಮಾರು 270 ಕೆಜಿ ಬಲ ಬರುತ್ತದೆ. ಜನ ತುಂಬಿದರೆ ಎಂದು ಹಿಡಿಯುವ ಭಾರವೇ 1,600 ಕೆಜಿ ದಾಟುತ್ತದೆ. ಆ 270 ಕೆಜಿ ಬಾಲ್ಕನಿಯ ಸ್ವಂತ ತೂಕಕ್ಕಿಂತಲೂ ಬಹಳ ಕಡಿಮೆ, ಹಾಗಾಗಿ ಲೆಕ್ಕದ ಪ್ರಕಾರ ನಿಮ್ಮ ಬಾಲ್ಕನಿ ಮೇಲಕ್ಕೆ ಏಳುವುದಿಲ್ಲ. ಆದರೆ ನಿಜವಾದ ಭೂಕಂಪ ಲೆಕ್ಕ ಕೇಳಿ ಬರುವುದಿಲ್ಲವಲ್ಲ. ಅಡಿಯ ಕಂಬಿ ಕಾಂಕ್ರೀಟಿನ ಬಿರುಕು ದೊಡ್ಡದಾಗದಂತೆಯೂ ನೋಡಿಕೊಳ್ಳುತ್ತದೆ. ಅಷ್ಟು ಖರ್ಚಿಗೆ ಜಗಳ ಬೇಡ.

ಬಾಲ್ಕನಿಯ ತುದಿಯಿಂದ ಮೇಲಿನ ಮಹಡಿಗೆ ಕಂಬ ಎಬ್ಬಿಸುವ ಯೋಚನೆ ಇದ್ದರೆ ಆ ಯೋಚನೆಯನ್ನು ಕೈಬಿಡಿ.

ನನಗೆ ಜಾಸ್ತಿ ಚಿಂತೆ ಮೇಲಿನ ಕಂಬಿಯದ್ದು. ಭಾರ ಹೊರುವುದು ಅದೇ. ಕಾಂಕ್ರೀಟ್ ಹಾಕುವಾಗ ಕೆಲಸದವರು ಅದರ ಮೇಲೆ ಓಡಾಡುತ್ತಾರೆ, ಕಂಬಿ ಕೆಳಗೆ ಕೂತುಬಿಡುತ್ತದೆ. 5 ಇಂಚಿನ ಸ್ಲ್ಯಾಬಿನಲ್ಲಿ 1 ಇಂಚು ಕೂತರೂ ಸುಮಾರು ಕಾಲು ಭಾಗ ಶಕ್ತಿ ಹೋಯಿತು, ಭೂಕಂಪದ ಲೆಕ್ಕಕ್ಕಿಂತ ದೊಡ್ಡ ನಷ್ಟ. ಕಂಬಿಯ ಕೆಳಗೆ ಒತ್ತೊತ್ತಾಗಿ ಚೇರ್ (ಕಂಬಿಯನ್ನು ಎತ್ತಿ ಹಿಡಿಯುವ ಪುಟ್ಟ ಆಸರೆ) ಇಡಿಸಿ, ಓಡಾಡಲು ಹಲಗೆ ಹಾಕಿಸಿ. ಕಂಬಿ ಕೋಣೆಯ ಸ್ಲ್ಯಾಬಿನೊಳಗೆ ಡ್ರಾಯಿಂಗಿನಲ್ಲಿ ಇರುವಷ್ಟು ಉದ್ದ ಹೋಗಿದೆಯಾ ಎಂದು ಟೇಪ್ ಹಿಡಿದು ಅಳೆಯಿರಿ. ಸೆಂಟ್ರಿಂಗ್ ಬಿಚ್ಚುವ ದಿನವನ್ನೂ ಎಂಜಿನಿಯರೇ ಹೇಳಲಿ.