ಅಪ್ಪನ ಸೀಟಿಯನ್ನು ಅಟ್ಟದಿಂದ ಇಳಿಸಿ

ಪ್ರಶ್ನೆ: ನಮ್ಮಪ್ಪ ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ರಾಣೆಬೆನ್ನೂರು–ಹುಬ್ಬಳ್ಳಿ ರೂಟಿನಲ್ಲಿ ಅವರ ದನಿ ಕೇಳದವರಿಲ್ಲ. ಗಂಟಲ ಕ್ಯಾನ್ಸರ್ ಆಗಿ ಏಳು ತಿಂಗಳ ಹಿಂದೆ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. ರೋಗ ಹತೋಟಿಯಲ್ಲಿದೆ ಎಂದು ಡಾಕ್ಟರು ಹೇಳುತ್ತಾರೆ. ಆದರೆ ಅಪ್ಪ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಾರೆ. ಮಾತಿನ ತರಬೇತಿಗೆ ಬರಲು ಒಪ್ಪುವುದಿಲ್ಲ. ಮೊನ್ನೆ ನನ್ನ ಮಗಳ ಸ್ಲೇಟಿನಲ್ಲಿ "ಆ ಮನುಷ್ಯ ಸತ್ತ" ಎಂದು ಬರೆದರು. ನೋಡಿ ಸಂಕಟಪಡಬಾರದೆಂದು ಅವರ ಖಾಕಿ ಅಂಗಿ, ಸೀಟಿ, ದುಡ್ಡಿನ ಚೀಲ ಎಲ್ಲ ಅಟ್ಟಕ್ಕೆ ಹಾಕಿದ್ದೇನೆ. ನಮ್ಮ ಮೊದಲಿನ ಅಪ್ಪನನ್ನು ಮತ್ತೆ ಕಾಣುವುದು ಹೇಗೆ?
— ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ತಾಯೀ, ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಉಸಿರಾಡಲೆಂದು ಕುತ್ತಿಗೆಯಲ್ಲಿ ಮಾಡುವ ಅದೇ ತೂತು ನನಗೂ ಇದೆ. 2009ರಲ್ಲಿ ನನಗೂ ಅದೇ ಆಪರೇಷನ್ ಆಯಿತು. ಆಗ ನಾನು ಸಾಗರದ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಸಂಜೆ ಹೊತ್ತು ಯಾರದಾದರೂ ಜಗಲಿಯಲ್ಲಿ ಗಮಕ ವಾಚನ. ಭಾಮಿನಿ ಷಟ್ಪದಿಯನ್ನು ಒಂದೂವರೆ ತಾಸು ನೀರು ಕುಡಿಯದೆ ಓದುತ್ತಿದ್ದೆ. ಜೊತೆಗೆ ಇಪ್ಪತ್ತು ವರ್ಷದ ಸಿಗರೇಟು. ಅದನ್ನೂ ಹೇಳಿಬಿಡಬೇಕು.

ಮೊದಲು ಜರೂರಿನ ಮಾತು. "ಸತ್ತ" ಎಂದು ಬರೆದದ್ದನ್ನು ಬರೀ ಬೇಸರ ಎಂದುಕೊಂಡು ಸುಮ್ಮನಾಗಬೇಡಿ. ಊಟ, ನಿದ್ದೆ ಕೆಟ್ಟಿದ್ದರೆ ಅವರ ಡಾಕ್ಟರಿಗೆ ಈ ವಾರವೇ ತಿಳಿಸಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಅವರ ಪರವಾಗಿ ನೀವೇ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅವರ ಜೇಬಿನಲ್ಲೊಂದು ಚೀಟಿಯೂ ಇರಲಿ: "ನಾನು ಉಸಿರಾಡುವುದು ಕುತ್ತಿಗೆಯಿಂದ. ಆಮ್ಲಜನಕ ಕೊಡುವುದಾದರೆ ಇಲ್ಲಿಗೆ ಕೊಡಿ." ಎಚ್ಚರ ತಪ್ಪಿ ಬಿದ್ದರೆ ಗೊತ್ತಿಲ್ಲದವರು ಮಾಸ್ಕನ್ನು ಬಾಯಿಗೆ ಒತ್ತಿ ಹಿಡಿಯುತ್ತಾರೆ. ಅದರಿಂದ ಏನೂ ಪ್ರಯೋಜನವಿಲ್ಲ.

ಈಗ ನಿಮ್ಮ ಪ್ರಶ್ನೆ. ಮೊದಲಿನ ಅಪ್ಪ ಇದ್ದ ಹಾಗೇ ಮರಳಿ ಬರುವುದಿಲ್ಲ. ಇದನ್ನು ಹೇಳಲು ನನಗೆ ಕಷ್ಟವಾಗುತ್ತಿದೆ, ಆದರೂ ಹೇಳುತ್ತಿದ್ದೇನೆ. ನಮ್ಮ ಮನೆಯಲ್ಲೂ ಮೊದಲಿನ ಮೇಷ್ಟ್ರನ್ನೇ ಎಲ್ಲರೂ ಕಾಯುತ್ತಿದ್ದರು. ಅವರು ಕಾದಷ್ಟೂ ನಾನು ಒಳಗೆ ಸರಿದೆ.

ಹೋಗಿರುವುದು ಮಾತೊಂದೇ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಗಾಳಿ ಮೂಗಿನಿಂದ ಹೋಗುವುದೇ ಇಲ್ಲವಾದ್ದರಿಂದ ವಾಸನೆಯೂ ಹೋಗುತ್ತದೆ. ಅಡಿಕೆ ಸುಗ್ಗಿಯಲ್ಲಿ ನಮ್ಮೂರಿನ ಪ್ರತಿ ಮನೆಯ ಹಂಡೆಯಿಂದ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ನೀರಿನ, ವಾಸನೆ ಏಳುತ್ತದೆ. ಆ ವರ್ಷ ಹೊಗೆ ಕಂಡಿತು, ವಾಸನೆ ಬರಲಿಲ್ಲ. ನನ್ನೂರೇ ನನಗೆ ಬೇರೆ ಯಾವುದೋ ಊರಿನ ಹಾಗೆ ಅನ್ನಿಸಿತು. ಬಿಸಿ ಕಾಫಿಯನ್ನು ಊದಿ ಆರಿಸಲಾಗದು. ಭಾರ ಎತ್ತುವಾಗ ಉಸಿರು ಬಿಗಿಹಿಡಿಯಲಾಗದು. ತೂತಿನಲ್ಲಿ ನೀರು ಹೋದೀತೆಂದು ಹೊಳೆಗೆ ಇಳಿಯುವ ಹಾಗಿಲ್ಲ. ನಕ್ಕರೆ ಸದ್ದಿಲ್ಲ. ಅತ್ತರೂ ಸದ್ದಿಲ್ಲ. ಎಷ್ಟೋ ರಾತ್ರಿ ಪಕ್ಕದಲ್ಲಿ ಮಲಗಿದ್ದ ನನ್ನ ಹೆಂಡತಿಗೆ ನಾನು ಅಳುತ್ತಿರುವುದು ಗೊತ್ತೇ ಆಗಿಲ್ಲ. ನಿಮ್ಮಪ್ಪ ಗೋಡೆ ಕಡೆ ತಿರುಗಿದ್ದಾಗ ಒಮ್ಮೆ ಈಚೆ ಬಂದು ಮುಖ ನೋಡಿ.

ವಾಸನೆಯನ್ನು ಸ್ವಲ್ಪ ಮರಳಿ ಪಡೆಯಬಹುದು. ತುಟಿ ಮುಚ್ಚಿಕೊಂಡು ಆಕಳಿಸುವವರ ಹಾಗೆ ದವಡೆಯನ್ನು ಕೆಳಗೆ ಎಳೆದರೆ ಮೂಗಿನೊಳಗೆ ಒಂದಿಷ್ಟು ಗಾಳಿ ಸುಳಿಯುತ್ತದೆ. ನನಗೆ ಇದನ್ನು ಕಲಿಸಿದವರು ವಾಕ್ ಚಿಕಿತ್ಸಕಿಯೊಬ್ಬರು. ಎರಡು ತಿಂಗಳ ಅಭ್ಯಾಸದ ಮೇಲೆ ಒಗ್ಗರಣೆಯ ಇಂಗು ಗೊತ್ತಾಯಿತು. ಅಡುಗೆಮನೆಯ ಬಾಗಿಲಲ್ಲೇ ಕುಳಿತುಬಿಟ್ಟೆ.

ಮಾತಿಗೆ ಮೂರು ದಾರಿ ಇವೆ. ಗದ್ದದ ಕೆಳಗೆ ಒತ್ತಿ ಹಿಡಿಯುವ ಯಂತ್ರ ಒಂದು. ಬೇಗ ಕಲಿಯಬಹುದು, ಆದರೆ ಸಾಮಾನ್ಯವಾಗಿ ದನಿ ಏರದು, ಇಳಿಯದು. ಎರಡನೆಯದು ಉಸಿರುನಾಳಕ್ಕೂ ಅನ್ನನಾಳಕ್ಕೂ ನಡುವೆ ಕೂರಿಸುವ ಪುಟ್ಟ ಸಿಲಿಕೋನ್ ಕವಾಟ. ಹೊರದೇಶದ್ದಕ್ಕೆ ಸಾವಿರಾರು ರೂಪಾಯಿ, ಅದನ್ನೂ ಆಗಾಗ ಬದಲಿಸಬೇಕು. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ತಮ್ಮ ಗೆಳೆಯರೊಬ್ಬರ ಜೊತೆ ಸೇರಿ 'ಓಂ' ಎಂಬ ಕವಾಟವನ್ನು 50 ರೂಪಾಯಿಗೆ ಸಿಗುವ ಹಾಗೆ ರೂಪಿಸಿದರು. ನಿಮ್ಮಪ್ಪನ ಗಂಟಲಿಗೆ ಯಾವುದು ಒಗ್ಗುತ್ತದೆಂದು ಅವರ ವೈದ್ಯರೇ ಹೇಳಬೇಕು. ಮೂರನೆಯದು ನನ್ನದು: ಗಾಳಿಯನ್ನು ಅನ್ನನಾಳಕ್ಕೆ ತುಂಬಿಕೊಂಡು, ತೇಗಿನ ಹಾಗೆ ಹೊರಬಿಡುತ್ತಾ ಮಾತು ಮಾಡುವುದು. ಇದಕ್ಕೆ ಉಪಕರಣ ಬೇಡ, ತಾಳ್ಮೆ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ತರಬೇತಿಯ ಬಗ್ಗೆ ವಿಚಾರಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಧ್ವನಿಪೆಟ್ಟಿಗೆ ತೆಗೆದವರನ್ನೂ ವಾಕ್ ದೋಷದ ಅಡಿ ಸೇರಿಸಿದ್ದಾರೆ. ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ.

ನಾನು ಶಾಲೆಗೆ ಮರಳಿದ ಮೇಲಿನ ಒಂದು ಸಂಗತಿ ಹೇಳಬೇಕು. ಅಂಚೆ ಕಚೇರಿಯಲ್ಲಿ, ಅಂಗಡಿಯಲ್ಲಿ, ನಾನು ಒಂದು ಶಬ್ದ ಎತ್ತುವಷ್ಟರಲ್ಲಿ ಎದುರಿನವರು ಉಳಿದದ್ದನ್ನು ತಾವೇ ಹೇಳಿ ಮುಗಿಸುತ್ತಿದ್ದರು. ಹೆಂಡತಿಯೂ, ಪ್ರೀತಿಯಿಂದಲೇ. ಆಗ ನೆನಪಾದವನು ಹಿಂದಿನ ಬೆಂಚಿನ ಒಬ್ಬ ಹುಡುಗ. ಅವನಿಗೆ ಉಗ್ಗು. ಪದ್ಯ ಓದಲು ನಿಲ್ಲಿಸಿದರೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಿದ್ದ. "ಬೇಗ ಹೇಳೋ, ಬೆಲ್ ಹೊಡೆಯುತ್ತೆ" ಎಂದು ಎಷ್ಟು ಸಲ ಕೂರಿಸಿದ್ದೇನೋ. ಒಳ್ಳೆಯ ಮೇಷ್ಟ್ರು ಎಂದು ಹೆಸರಿದ್ದ ಕಾಲದಲ್ಲೇ ಮಾಡಿದ ಕೆಲಸ ಅದು.

ಕೆಲವು ವರ್ಷದ ನಂತರ ಸಾಗರ ಬಸ್ ಸ್ಟ್ಯಾಂಡಿನಲ್ಲಿ ಅವನು ಸಿಕ್ಕಿದ. ದೊಡ್ಡವನಾಗಿದ್ದ, ಮೋಟರ್ ರಿಪೇರಿ ಮಾಡುತ್ತಿದ್ದ. ಕ್ಷಮಿಸು ಅನ್ನಬೇಕಿತ್ತು. 'ಕ್ಷ' ಹೊರಡಲು ಮೂರು ಸಲ ಗಾಳಿ ತುಂಬಿಕೊಳ್ಳಬೇಕಾಯಿತು. ಅವನ ಬಸ್ಸು ಹೊರಡುತ್ತಿತ್ತು. ಅವನು ಅತ್ತ ನೋಡಲಿಲ್ಲ. ನನ್ನ ಮಾತು ಪೂರ್ತಿ ಮುಗಿಯುವವರೆಗೆ ನನ್ನ ಮುಖವನ್ನೇ ನೋಡುತ್ತಾ ನಿಂತ. ಬಸ್ಸು ಹೋಯಿತು.

ಕಾಯಿಲೆ ನನ್ನನ್ನು ಒಳ್ಳೆಯವನನ್ನಾಗಿ ಮಾಡಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಇವತ್ತು ಯಾರಾದರೂ ದನಿ ವಾಪಸು ಕೊಡುತ್ತೇನೆಂದರೆ ಕೈಮುಗಿದು ತೆಗೆದುಕೊಳ್ಳುತ್ತೇನೆ. ಆದರೆ ಆ ಹುಡುಗನ ಮುಂದೆ ನಿಂತಾಗ ಹಳೆಯ ಮೇಷ್ಟ್ರು ಸತ್ತಿರಲಿಲ್ಲ. ಸತ್ತಿದ್ದರೆ ತಪ್ಪು ಯಾರದು ಅಂತ ನೆನಪಿಡುತ್ತಿದ್ದವರು ಯಾರು? ಆ ಹಳೆಯ ಮೇಷ್ಟ್ರೇ ನಾನು, ಮತ್ತು ಆ ಮೇಷ್ಟ್ರಿಗೆ ಕಾಣದಿದ್ದದ್ದು ನನಗೆ ಕಾಣುತ್ತಿತ್ತು.

ಅದಕ್ಕೇ ಆ ಅಟ್ಟದ ವಿಷಯ. ನನ್ನ ಹೆಂಡತಿಯೂ ಗಮಕದ ಪುಸ್ತಕ, ವ್ಯಾಸಪೀಠ ಎಲ್ಲ ಒಳಗಿಟ್ಟಿದ್ದಳು, ನಿಮ್ಮಂತೆಯೇ ಕರುಣೆಯಿಂದ. ಖಾಲಿ ಜಾಗ ನೋಡಿದಾಗ ನನಗನ್ನಿಸಿದ್ದು, ತಿಥಿ ಮುಗಿದ ಮೇಲೆ ಸಾಮಾನು ಎತ್ತಿಡುತ್ತಾರಲ್ಲ, ಹಾಗೆ. ಖಾಕಿ ಅಂಗಿಯನ್ನು ಇಳಿಸಿ, ಒಗೆದು, ಮೊದಲಿದ್ದ ಮೊಳೆಗೇ ನೇತುಹಾಕಿ. ಸೀಟಿಯನ್ನೂ. ಅವರು ಅದನ್ನು ಊದಲಾರರು, ಅದು ನಿಮಗಿಂತ ಚೆನ್ನಾಗಿ ಅವರಿಗೆ ಗೊತ್ತು. ಮೊಮ್ಮಗಳು ಊದಲಿ, ಅವರು ಬೈಯುವುದಾದರೆ ಸ್ಲೇಟಿನಲ್ಲಿ ಬೈಯಲಿ. ಸ್ಲೇಟಿನಲ್ಲಿ ಬರೆಯುವಾಗ ಮಾತ್ರ ಅರ್ಧದಲ್ಲೇ ಊಹಿಸಿ ಉತ್ತರ ಹೇಳಬೇಡಿ. ಪೂರ್ತಿ ಬರೆಯುವವರೆಗೆ ಕಾಯಿರಿ.

ತರಬೇತಿಗೆ ಒಪ್ಪಿದ ದಿನ ಅ ಆ ಇ ಈ ಬೇಡ. ಅವರಿಗೆ ಬಾಯಿಪಾಠ ಇರುವುದನ್ನೇ ಕೊಡಿ: ಮೋಟೆಬೆನ್ನೂರು, ಹಾವೇರಿ, ಬಂಕಾಪುರ, ಶಿಗ್ಗಾವಿ, ತಡಸ, ಹುಬ್ಬಳ್ಳಿ. ನನ್ನ ವಿಧಾನದಲ್ಲಿ ಪ, ತ, ಕ ಇಂಥ ಅಕ್ಷರಗಳು ಬೇಗ ಒಲಿಯುತ್ತವೆ, ಬಾಯಿಯ ಗಾಳಿಯನ್ನು ಒಳಕ್ಕೆ ದಬ್ಬಲು ಅವೇ ಸಹಾಯ. 'ಹ'ಕಾರಕ್ಕೆ ಶ್ವಾಸದ ಉಸಿರೇ ಬೇಕು, ಅದು ಬಹಳ ಕಷ್ಟ. ಮಂಡ್ಯದ ಕಡೆ ಹಾಲನ್ನು 'ಆಲು' ಅನ್ನುವ ಹಾಗೆ ನಿಮ್ಮಪ್ಪನ ಬಾಯಲ್ಲಿ ಹಾವೇರಿ 'ಆವೇರಿ' ಆದೀತು. ತಿದ್ದಬೇಡಿ, ಪ್ರಯಾಣಿಕರಿಗೆ ಅರ್ಥವಾಗುತ್ತದೆ.

ಮೊದಲು ಬಂದ ಊರು ಯಾವುದೆಂದು ನನಗೊಂದು ಕಾರ್ಡು ಬರೆಯಿರಿ. ತಡಸ ಇರಬಹುದು ಎಂದು ನನ್ನ ಅಂದಾಜು.